ಜುಲೈ 20: ಸೈಪ್ರಸ್ ಪ್ರತಿ ವರ್ಷ ಅದೇ ಪ್ರತಿಭಟನೆಯನ್ನು ಯಾಕೆ ದಾಖಲಿಸುತ್ತದೆ?

ಜುಲೈ 20ರ ಬೆಳಗಿನ ಜಾವ ಐದೂವರೆಗೆ ಸೈಪ್ರಸ್ ದ್ವೀಪದ ದಕ್ಷಿಣ ಭಾಗದಲ್ಲಿ ಸೈರನ್ ಕೂಗುತ್ತದೆ. 1974ರಲ್ಲಿ ಟರ್ಕಿಯ ಸೇನೆ ದ್ವೀಪಕ್ಕೆ ಬಂದಿಳಿದ ಹೊತ್ತನ್ನು ನೆನಪಿಸುವ ಸೈರನ್ ಅದು. ಆಮೇಲೆ ಚರ್ಚುಗಳಲ್ಲಿ ಪ್ರಾರ್ಥನೆ ನಡೆಯುತ್ತದೆ. ಸತ್ತ ಸೈನಿಕರ ಸಮಾಧಿಗಳಿಗೆ ಹೂವು ಇಡುತ್ತಾರೆ. ಅದೇ ದಿನ, ಎರಡು ಭಾಗವಾಗಿರುವ ರಾಜಧಾನಿ ನಿಕೋಸಿಯಾದ ಉತ್ತರ ಭಾಗದಲ್ಲಿ ಸರ್ಕಾರಿ ರಜೆ. ಸೇನಾ ಪೆರೇಡ್ ಸಾಗುತ್ತದೆ, ಟರ್ಕಿಯಿಂದ ಬಂದ ನಾಯಕರು ಭಾಷಣ ಮಾಡುತ್ತಾರೆ. ಅಲ್ಲಿ ಆ ದಿನಕ್ಕೆ ‘ಶಾಂತಿ ಮತ್ತು ಸ್ವಾತಂತ್ರ್ಯ ದಿನ’ ಎಂದು ಹೆಸರು.

ಇದರ ಬೆನ್ನಲ್ಲೇ ಹೇಳಿಕೆಗಳು ಬರುತ್ತವೆ. ಆಕ್ರಮಣವನ್ನು ಹಬ್ಬದಂತೆ ಆಚರಿಸುತ್ತಿದ್ದಾರೆ ಎಂದು ಸೈಪ್ರಸ್ ಮತ್ತು ಗ್ರೀಸ್ ಖಂಡಿಸುತ್ತವೆ. ತಾನು ತುರ್ಕಿ ಸೈಪ್ರಿಯಟರನ್ನು, ಅಂದರೆ ದ್ವೀಪದ ತುರ್ಕಿ ಸಮುದಾಯವನ್ನು, ಕಾಪಾಡಿದೆ ಎಂದು ಟರ್ಕಿ ತಿರುಗೇಟು ಕೊಡುತ್ತದೆ. ಐವತ್ತು ವರ್ಷ ದಾಟಿದರೂ ಈ ಕ್ರಮ ತಪ್ಪಿಲ್ಲ. ದೂರದಿಂದ ನೋಡಿದರೆ ಇದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸ ಅನ್ನಿಸಬಹುದು. ಪತ್ರ ಬರೆದರೆ ಸೈನ್ಯ ವಾಪಸ್ ಹೋಗುತ್ತದಾ? ಹೋಗುವುದಿಲ್ಲ. ಆದರೂ ಆ ಪತ್ರಗಳಿಗೆ ಕೆಲಸವಿದೆ. ಏನು ಕೆಲಸ ಎಂದು ತಿಳಿಯಬೇಕಾದರೆ ಮೊದಲು ಅಲ್ಲಿ ಆದದ್ದೇನು ಎಂದು ನೋಡಬೇಕು.

ಎರಡು ಸಮುದಾಯ, ಮೂರು ಜಾಮೀನುದಾರರು

ಬ್ರಿಟಿಷರ ವಸಾಹತಾಗಿದ್ದ ಸೈಪ್ರಸ್ 1960ರ ಆಗಸ್ಟ್ 16ರಂದು ಸ್ವತಂತ್ರವಾಯಿತು. ಜನರಲ್ಲಿ ಬಹುಪಾಲು ಗ್ರೀಕ್ ಸೈಪ್ರಿಯಟರು, ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ತುರ್ಕಿ ಸೈಪ್ರಿಯಟರು. ಗ್ರೀಕರಲ್ಲಿ ಹಲವರಿಗೆ ಗ್ರೀಸ್ ಜೊತೆ ಸೇರುವ ಆಸೆ ಇತ್ತು. ತುರ್ಕಿ ಸೈಪ್ರಿಯಟರಲ್ಲಿ ಹಲವರು ದ್ವೀಪವನ್ನು ಭಾಗ ಮಾಡಿ ಎನ್ನುತ್ತಿದ್ದರು. ಎರಡೂ ಬೇಡ ಎಂದು ಒಂದು ಸಂವಿಧಾನ ಬರೆದರು. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ತುರ್ಕಿ, ಸಂಸತ್ತಿನಲ್ಲಿ 70ಕ್ಕೆ 30ರ ಹಂಚಿಕೆ. ಈ ವ್ಯವಸ್ಥೆ ಕಾಯುವ ಹೊಣೆಯನ್ನು ಬ್ರಿಟನ್, ಗ್ರೀಸ್ ಮತ್ತು ಟರ್ಕಿ ಒಂದು ಒಪ್ಪಂದದ ಮೂಲಕ ಹೊತ್ತುಕೊಂಡವು. ಆ ಒಪ್ಪಂದದ ನಾಲ್ಕನೇ ವಿಧಿಯನ್ನು ನೆನಪಿಟ್ಟುಕೊಳ್ಳಿ. ವ್ಯವಸ್ಥೆ ಮುರಿದುಬಿದ್ದರೆ, ಅದನ್ನು ಮತ್ತೆ ಮೊದಲಿನಂತೆ ನಿಲ್ಲಿಸುವ ಒಂದೇ ಉದ್ದೇಶಕ್ಕಾಗಿ ಈ ಮೂವರಲ್ಲಿ ಯಾರಾದರೂ ಕ್ರಮ ಕೈಗೊಳ್ಳಬಹುದು ಎಂದು ಅದು ಹೇಳುತ್ತದೆ.

ಮೂರೇ ವರ್ಷಕ್ಕೆ ಸಂಸಾರ ಒಡೆಯಿತು. 1963ರ ಡಿಸೆಂಬರ್‌ನಲ್ಲಿ ಎರಡು ಸಮುದಾಯಗಳ ನಡುವೆ ಹಿಂಸೆ ಶುರುವಾಯಿತು. ತುರ್ಕಿ ಸೈಪ್ರಿಯಟರು ಸರ್ಕಾರದಿಂದ ಹೊರಬಿದ್ದರು. ಸುಮಾರು 25,000 ಮಂದಿ ತಮ್ಮ ಊರು ಬಿಟ್ಟು, ತಮ್ಮವರೇ ಇರುವ ಸಣ್ಣ ಸಣ್ಣ ಪ್ರದೇಶಗಳಲ್ಲಿ ಒತ್ತೊತ್ತಾಗಿ ಬದುಕಬೇಕಾಯಿತು. ನಿಕೋಸಿಯಾದಲ್ಲಿ ಗಲಭೆ ತಡೆಯಲು ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರು. ಇಂದಿಗೂ ಅದಕ್ಕೆ ಗ್ರೀನ್ ಲೈನ್ ಎಂದೇ ಹೆಸರು.

1964ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿಯ ನಿರ್ಣಯದಂತೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂತು. ಇಲ್ಲಿ ನಮ್ಮವರೊಬ್ಬರ ಕಥೆಯೂ ಸೇರುತ್ತದೆ. ಮಡಿಕೇರಿಯಲ್ಲಿ ಹುಟ್ಟಿ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ. ಎಸ್. ತಿಮ್ಮಯ್ಯ ಅದೇ ವರ್ಷದ ಜುಲೈನಲ್ಲಿ ಆ ಪಡೆಯ ನಾಯಕತ್ವ ವಹಿಸಿಕೊಂಡರು. 1965ರ ಡಿಸೆಂಬರ್ 18ರಂದು ಕೆಲಸದಲ್ಲಿರುವಾಗಲೇ ಸೈಪ್ರಸ್‌ನಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆ ಚೀಟಿ ತಂದಿತು. ಕೊಡಗಿನಲ್ಲಿ ತಿಮ್ಮಯ್ಯನವರ ಹೆಸರು ಗೊತ್ತಿಲ್ಲದವರಿಲ್ಲ. ಆದರೆ ಅವರು ಕೊನೆಯುಸಿರೆಳೆದದ್ದು ಎರಡು ಸಮುದಾಯಗಳ ನಡುವೆ ನಿಂತು ಶಾಂತಿ ಕಾಯುವ ಕೆಲಸದಲ್ಲಿ ಎನ್ನುವುದು ಎಷ್ಟು ಜನರಿಗೆ ಗೊತ್ತೋ.

ಎರಡು ದಾಳಿ, ಎರಡು ಲೆಕ್ಕ

1974ರ ಜುಲೈ 15ರಂದು ಅಥೆನ್ಸ್‌ನ ಮಿಲಿಟರಿ ಆಡಳಿತದ ಕುಮ್ಮಕ್ಕಿನಿಂದ ಗ್ರೀಕ್ ಅಧಿಕಾರಿಗಳು ಸೈಪ್ರಸ್‌ನಲ್ಲಿ ಕ್ಷಿಪ್ರಕ್ರಾಂತಿ ಮಾಡಿದರು. ಅಧ್ಯಕ್ಷರಾಗಿದ್ದ ಆರ್ಚ್‌ಬಿಷಪ್ ಮಕಾರಿಯೋಸ್ ಜೀವ ಉಳಿಸಿಕೊಂಡು ತಪ್ಪಿಸಿಕೊಂಡರು. ತುರ್ಕಿ ಸೈಪ್ರಿಯಟರ ಮೇಲಿನ ದಾಳಿಗಳಿಗೆ ಹೆಸರಾಗಿದ್ದ ನಿಕೋಸ್ ಸ್ಯಾಂಪ್ಸನ್‌ನನ್ನು ಕುರ್ಚಿಯಲ್ಲಿ ಕೂರಿಸಿದರು. ಇಂಥವನು ಅಧ್ಯಕ್ಷನಾದರೆ ಆ ಸಮುದಾಯಕ್ಕೆ ಎಷ್ಟು ಭಯವಾಗಿರಬೇಡ?

ಐದು ದಿನಕ್ಕೆ, ಜುಲೈ 20ರಂದು, ಟರ್ಕಿಯ ಪ್ರಧಾನಿ ಬ್ಯುಲೆಂಟ್ ಎಜೆವಿಟ್ ಸೇನೆ ಕಳಿಸಿದರು. ಉತ್ತರ ಕರಾವಳಿಯ ಕೈರೀನಿಯಾ ಹತ್ತಿರ ಸೈನಿಕರು ಇಳಿದರು. ಅದೇ ದಿನ ಭದ್ರತಾ ಮಂಡಳಿ 353ನೇ ನಿರ್ಣಯ ಹೊರಡಿಸಿ, ಹೊರಗಿನ ಸೈನ್ಯ ಹೋಗಬೇಕು ಎಂದಿತು. ಜುಲೈ 22ರಂದು ಕದನವಿರಾಮ. 23ರಂದು ಅಥೆನ್ಸ್‌ನ ಮಿಲಿಟರಿ ಆಡಳಿತ ಕುಸಿಯಿತು, ಸ್ಯಾಂಪ್ಸನ್ ಇಳಿದ, ಸಂವಿಧಾನದ ಪ್ರಕಾರ ಗ್ಲಾಫ್ಕೋಸ್ ಕ್ಲೆರಿಡೀಸ್ ಹಂಗಾಮಿ ಅಧ್ಯಕ್ಷರಾದರು. ನಿಕೋಸಿಯಾ ವಿಮಾನ ನಿಲ್ದಾಣಕ್ಕಾಗಿ ಕದನ ನಡೆಯುವ ಅಪಾಯವಿತ್ತು. ಅದನ್ನು ವಿಶ್ವಸಂಸ್ಥೆಯ ರಕ್ಷಿತ ಪ್ರದೇಶವಾಗಿ ಘೋಷಿಸಲಾಯಿತು. ಆಗ ಶಾಂತಿಪಡೆಯ ನಾಯಕರಾಗಿದ್ದವರೂ ಭಾರತೀಯರೇ, ದಿವಾನ್ ಪ್ರೇಮ್ ಚಂದ್.

ಇಷ್ಟಕ್ಕೇ ನಿಂತಿದ್ದರೆ, ನಾಲ್ಕನೇ ವಿಧಿಯಂತೆ ಬಂದೆ ಎಂಬ ಟರ್ಕಿಯ ವಾದಕ್ಕೆ ಜಾಸ್ತಿ ತೂಕ ಇರುತ್ತಿತ್ತು. ಕ್ಷಿಪ್ರಕ್ರಾಂತಿ ಸೋತಿತ್ತು, ಕಾನೂನಿನ ಸರ್ಕಾರ ಮರಳುವ ದಾರಿ ತೆರೆದಿತ್ತು. ಆದರೆ ಜಿನೀವಾ ಮಾತುಕತೆ ಮುರಿದುಬಿದ್ದ ಕೂಡಲೇ, ಆಗಸ್ಟ್ 14ರಂದು, ಟರ್ಕಿಯ ಸೇನೆ ಎರಡನೇ ದಾಳಿ ನಡೆಸಿತು. ಮೂರು ದಿನಗಳಲ್ಲಿ ದ್ವೀಪದ ಶೇ 37ರಷ್ಟು ನೆಲ ಅದರ ಕೈ ಸೇರಿತು. ಮೊದಲಿನ ವ್ಯವಸ್ಥೆ ನಿಲ್ಲಿಸುವುದೇ ಉದ್ದೇಶವಾಗಿದ್ದರೆ ಆಗಸ್ಟ್ 14 ಯಾಕೆ ಬೇಕಿತ್ತು? ಸೈಪ್ರಸ್ ಮುಂದಿಡುವ ಪ್ರಶ್ನೆ ಇದು. ಇದಕ್ಕೆ ತೃಪ್ತಿಕರ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ.

ಸುಮಾರು 1,60,000ಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಓಡಿದರು. ನಲವತ್ತು ಸಾವಿರಕ್ಕೂ ಹೆಚ್ಚು ತುರ್ಕಿ ಸೈಪ್ರಿಯಟರು ಉತ್ತರಕ್ಕೆ ಹೋದರು. ಎಷ್ಟೋ ಮಂದಿ ನಾಲ್ಕು ದಿನದಲ್ಲಿ ವಾಪಸ್ ಬರುತ್ತೇವೆ ಅಂದುಕೊಂಡೇ ಬಾಗಿಲಿಗೆ ಬೀಗ ಹಾಕಿದ್ದರು. 2003ರ ಏಪ್ರಿಲ್‌ನಲ್ಲಿ ಗಡಿ ದಾಟುವ ದಾರಿ ತೆರೆದಾಗ ಸಾವಿರಾರು ಜನ ಸಾಲಾಗಿ ನಿಂತು ತಮ್ಮ ಹಳೆಯ ಮನೆ ನೋಡಲು ಹೋದರು. ಎಷ್ಟೋ ಮನೆಗಳಲ್ಲಿ ಬೇರೆಯವರ ಸಂಸಾರ ಇತ್ತು. ಕೆಲವರು ಬಾಗಿಲು ತೆರೆದು, ಕೂರಿಸಿ, ಕಾಫಿ ಕೊಟ್ಟು, ಎತ್ತಿಟ್ಟಿದ್ದ ಹಳೆಯ ಫೋಟೋಗಳನ್ನು ಹಿಂದಿರುಗಿಸಿದರು.

ಪ್ರತಿಭಟನೆ ಎಂದರೆ ಏನು ಮಾಡುತ್ತಾರೆ?

ಮಾಮೂಲಿ ದಾರಿ ನಮಗೂ ಗೊತ್ತಿರುವುದೇ. ಬೇರೆ ದೇಶ ಮಾಡಿದ್ದು ಸರಿಯಲ್ಲ ಅನ್ನಿಸಿದರೆ ಅದರ ರಾಯಭಾರಿಯನ್ನು ವಿದೇಶಾಂಗ ಸಚಿವಾಲಯಕ್ಕೆ ಕರೆಸಿ ಹೇಳುತ್ತಾರೆ. ಅಥವಾ ನೋಟ್ ವರ್ಬಾಲ್ ಎಂಬ ಪತ್ರ ಕೊಡುತ್ತಾರೆ. ಅದರಲ್ಲಿ ‘ನಾನು’, ‘ನಾವು’ ಎಂದಿರುವುದಿಲ್ಲ. ಸಚಿವಾಲಯವು ರಾಯಭಾರ ಕಚೇರಿಗೆ ಗೌರವ ಸಲ್ಲಿಸಿ ಇಂತಿಂಥ ವಿಷಯ ತಿಳಿಸುತ್ತದೆ ಎಂಬ ಧಾಟಿ. ಪೂರ್ತಿ ಸಹಿ ಇರುವುದಿಲ್ಲ, ಮೊಹರು ಇರುತ್ತದೆ. ಇನ್ನೂ ಸಿಟ್ಟು ಬಂದರೆ ತಮ್ಮ ರಾಯಭಾರಿಯನ್ನು ವಾಪಸ್ ಕರೆಸಿಕೊಳ್ಳುತ್ತಾರೆ.

ಸೈಪ್ರಸ್‌ಗೆ ಈ ದಾರಿಯೇ ಇಲ್ಲ. ಟರ್ಕಿ ಸೈಪ್ರಸ್ ಗಣರಾಜ್ಯವನ್ನು ಮಾನ್ಯ ಮಾಡುವುದಿಲ್ಲ. ‘ದಕ್ಷಿಣ ಸೈಪ್ರಸ್‌ನ ಗ್ರೀಕ್ ಸೈಪ್ರಿಯಟ್ ಆಡಳಿತ’ ಎಂದು ಕರೆಯುತ್ತದೆ. ನಿಕೋಸಿಯಾದ ದಕ್ಷಿಣದಲ್ಲಿ ಕರೆಸಲು ಟರ್ಕಿಯ ರಾಯಭಾರಿಯೇ ಇಲ್ಲ. ಹಾಗಾಗಿ ಪ್ರತಿಭಟನೆ ನ್ಯೂಯಾರ್ಕ್‌ಗೆ ಹೋಗುತ್ತದೆ. ಸೈಪ್ರಸ್‌ನ ಕಾಯಂ ಪ್ರತಿನಿಧಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಪತ್ರ ಬರೆಯುತ್ತಾರೆ. ಅದನ್ನು ಸಾಮಾನ್ಯ ಸಭೆ ಮತ್ತು ಭದ್ರತಾ ಮಂಡಳಿಯ ದಾಖಲೆಯಾಗಿ ಹಂಚಬೇಕೆಂದು ಕೇಳುತ್ತಾರೆ. ಪತ್ರಕ್ಕೆ ಒಂದು ಸಂಖ್ಯೆ ಬೀಳುತ್ತದೆ, ಎಲ್ಲ ಸದಸ್ಯ ದೇಶಗಳಿಗೆ ತಲುಪುತ್ತದೆ, ಶಾಶ್ವತವಾಗಿ ಕಡತದಲ್ಲಿ ಉಳಿಯುತ್ತದೆ. ವಾಯುಗಡಿ ದಾಟಿದ ಟರ್ಕಿಯ ವಿಮಾನಗಳ ಬಗ್ಗೆಯೂ ದಿನಾಂಕ ಸಮೇತ ಇಂಥ ಪತ್ರಗಳು ಹೋಗುತ್ತಲೇ ಇರುತ್ತವೆ.

ಉತ್ತರ ಭಾಗದ ಆಡಳಿತವೂ ಮಾರುತ್ತರ ಬರೆಯುತ್ತದೆ. ಆದರೆ ಅದು ವಿಶ್ವಸಂಸ್ಥೆಯ ಸದಸ್ಯ ಅಲ್ಲವಲ್ಲ. ಅದರ ಪತ್ರವನ್ನು ಟರ್ಕಿಯ ಕಾಯಂ ಪ್ರತಿನಿಧಿ ತಮ್ಮ ಪತ್ರದ ಜೊತೆ ಲಗತ್ತಿಸಿ ಕಳಿಸುತ್ತಾರೆ. ಯಾರ ಮಾತು ಮುಖ್ಯ ಪತ್ರದಲ್ಲಿ ಬರುತ್ತದೆ, ಯಾರದು ಲಗತ್ತಿನಲ್ಲಿ ಬರುತ್ತದೆ ಎನ್ನುವ ಈ ಒಂದು ವಿವರದಲ್ಲೇ ಇಡೀ ಜಗಳ ಕಾಣುತ್ತದೆ.

ನಿಮ್ಮ ಜಮೀನಿನ ಅರ್ಧ ಎಕರೆಯನ್ನು ಪಕ್ಕದವನು ಒತ್ತುವರಿ ಮಾಡಿ ಬೇಲಿ ಹಾಕಿದ್ದಾನೆ ಅಂದುಕೊಳ್ಳಿ. ವರ್ಷಕ್ಕೊಮ್ಮೆ ಬೇಲಿಗೆ ಪೂಜೆ ಮಾಡಿ ಊರಿಗೆಲ್ಲ ಊಟ ಹಾಕುತ್ತಾನೆ. ನೀವು ಸುಮ್ನಿದ್ದರೆ ಹತ್ತು ವರ್ಷದ ಮೇಲೆ ಊರವರೇ ‘ಅದು ಅವನದೇ ಅಲ್ವಾ, ಯಾರೂ ಏನೂ ಅಂದಿರಲಿಲ್ಲ’ ಎನ್ನುತ್ತಾರೆ. ಅದಕ್ಕೇ ತಾಲ್ಲೂಕು ಕಚೇರಿಗೆ ಹೋಗಿ ತಕರಾರು ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರುತ್ತೇವೆ. ಬೇಲಿ ಅಂದೇ ಬೀಳುವುದಿಲ್ಲ. ಆದರೆ ‘ಯಾರೂ ಏನೂ ಅಂದಿರಲಿಲ್ಲ’ ಎಂಬ ಮಾತಿಗೆ ಅವಕಾಶ ಇರುವುದಿಲ್ಲ.

ಸುಮ್ಮನಿದ್ದರೆ ಏನಾಗುತ್ತದೆ?

ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಅಂತರರಾಷ್ಟ್ರೀಯ ನ್ಯಾಯಾಲಯದಲ್ಲೂ ನಡೆಯುತ್ತದೆ. ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯಲ್ಲಿ ಪ್ರೇ ವಿಹಾರ್ ಎಂಬ ಹಳೆಯ ಶಿವ ದೇಗುಲವಿದೆ. ಅದು ಯಾರದು ಎಂಬ ಮೊಕದ್ದಮೆ ಹೇಗ್‌ನಲ್ಲಿ ನಡೆಯಿತು. 1930ರಲ್ಲಿ ಸಯಾಮ್‌ನ, ಅಂದರೆ ಇಂದಿನ ಥಾಯ್ಲೆಂಡ್‌ನ, ರಾಜಕುಮಾರ ಡಾಮ್ರೋಂಗ್ ಆ ದೇಗುಲ ನೋಡಲು ಹೋಗಿದ್ದರು. ಆಗ ಕಾಂಬೋಡಿಯಾ ಫ್ರೆಂಚರ ಕೈಯಲ್ಲಿತ್ತು. ಫ್ರೆಂಚ್ ಅಧಿಕಾರಿ ಅಲ್ಲಿ ತಮ್ಮ ಬಾವುಟ ಹಾರಿಸಿ ರಾಜಕುಮಾರರನ್ನು ವಿಧಿವತ್ತಾಗಿ ಬರಮಾಡಿಕೊಂಡರು. ರಾಜಕುಮಾರರು ಆಕ್ಷೇಪ ಎತ್ತಲಿಲ್ಲ. ಊರಿಗೆ ಹೋಗಿ ಫೋಟೋಗಳನ್ನೂ ಕಳಿಸಿಕೊಟ್ಟರು. ಸಯಾಮ್ ಸರ್ಕಾರವೂ ಸುಮ್ಮನಿತ್ತು.

1962ರಲ್ಲಿ ತೀರ್ಪು ಬಂತು. 9–3ರ ಬಹುಮತದಲ್ಲಿ ದೇಗುಲ ಕಾಂಬೋಡಿಯಾದ್ದು ಎಂದಾಯಿತು. ಮುಖ್ಯ ಆಧಾರ ಒಂದು ನಕ್ಷೆ. ಅದಕ್ಕೆ ಥಾಯ್ಲೆಂಡ್ ದಶಕಗಳ ಕಾಲ ಆಕ್ಷೇಪ ಹೇಳಿರಲಿಲ್ಲ. ಆದರೆ ರಾಜಕುಮಾರರ ಭೇಟಿಯನ್ನೂ ನ್ಯಾಯಾಲಯ ಗಮನಕ್ಕೆ ತೆಗೆದುಕೊಂಡಿತು. ಆ ಸಂದರ್ಭದಲ್ಲಿ ಆಕ್ಷೇಪ ಹೇಳಲೇಬೇಕಿತ್ತು, ಹೇಳಲಿಲ್ಲ ಎಂದಿತು. ಒಂದು ಬಾವುಟ, ಒಂದು ಸ್ವಾಗತ ಸಮಾರಂಭ. ಮೂವತ್ತೆರಡು ವರ್ಷದ ನಂತರ ತೀರ್ಪಿನ ತಕ್ಕಡಿಯಲ್ಲಿ ಬಂದು ಕೂತವು.

ಸೈಪ್ರಸ್ ವಿಷಯ ಪೂರ್ತಿ ಹೀಗೇ ಅಲ್ಲ, ನಿಜ. ವಿಶ್ವಸಂಸ್ಥೆಯ ಸನ್ನದು ಬಂದ ಮೇಲೆ ಬಲ ಬಳಸಿ ಹಿಡಿದ ನೆಲಕ್ಕೆ ಯಾರೂ ಹಕ್ಕುದಾರರಾಗುವಂತಿಲ್ಲ. ಒಂದು ವರ್ಷ ಪತ್ರ ಬರೆಯುವುದು ಮರೆತರೆ ಉತ್ತರ ಸೈಪ್ರಸ್ ಟರ್ಕಿಯದಾಗಿಬಿಡುವುದಿಲ್ಲ. ಅಪಾಯ ಇರುವುದು ಬೇರೆ ದೇಶಗಳು ಅದಕ್ಕೆ ಒಗ್ಗಿಹೋಗುವುದರಲ್ಲಿ. ಮೊದಲು ಒಬ್ಬ ಸಚಿವ ಆಚರಣೆಗೆ ಹೋಗುತ್ತಾನೆ. ಆಮೇಲೆ ನೇರ ವಿಮಾನ, ನಂತರ ವ್ಯಾಪಾರ ಕಚೇರಿ, ಕೊನೆಗೆ ಮಾನ್ಯತೆ. ಈ ಮೆಟ್ಟಿಲುಗಳನ್ನು ಒಂದೊಂದಾಗಿ ತಡೆಯುವುದಕ್ಕೇ ಪತ್ರಗಳು.

ತಡೆದದ್ದೂ ಉಂಟು. 1983ರ ನವೆಂಬರ್ 15ರಂದು ಉತ್ತರ ಭಾಗ ತನ್ನನ್ನು ‘ಉತ್ತರ ಸೈಪ್ರಸ್ ತುರ್ಕಿ ಗಣರಾಜ್ಯ’ ಎಂದು ಘೋಷಿಸಿಕೊಂಡಿತು. ಭದ್ರತಾ ಮಂಡಳಿ 541ನೇ ನಿರ್ಣಯದಲ್ಲಿ ಆ ಘೋಷಣೆಗೆ ಕಾನೂನಿನ ಬಲವಿಲ್ಲ ಎಂದಿತು. 13 ದೇಶಗಳು ಪರ, ಜೋರ್ಡಾನ್ ತಟಸ್ಥ, ವಿರುದ್ಧ ಮತ ಹಾಕಿದ್ದು ಪಾಕಿಸ್ತಾನ ಒಂದೇ. ನಾಲ್ಕು ದಶಕ ಕಳೆದರೂ ಟರ್ಕಿ ಬಿಟ್ಟು ಬೇರೆ ಯಾವ ದೇಶವೂ ಅದನ್ನು ಮಾನ್ಯ ಮಾಡಿಲ್ಲ. 2022ರಲ್ಲಿ ತುರ್ಕಿ ಭಾಷಿಕ ರಾಷ್ಟ್ರಗಳ ಸಂಘಟನೆ ಅದಕ್ಕೆ ವೀಕ್ಷಕ ಸ್ಥಾನ ಕೊಟ್ಟಾಗ ಸೈಪ್ರಸ್ ಮತ್ತು ಯುರೋಪಿಯನ್ ಒಕ್ಕೂಟ ಬಲವಾಗಿ ಆಕ್ಷೇಪಿಸಿದವು. 2025ರ ಏಪ್ರಿಲ್‌ನಲ್ಲಿ ಸಮರ್‌ಕಂದ್‌ನಲ್ಲಿ ಯುರೋಪಿಯನ್ ಒಕ್ಕೂಟದ ಜೊತೆ ಶೃಂಗಸಭೆ ನಡೆಸಿದ ಮಧ್ಯ ಏಷ್ಯಾದ ಐದು ದೇಶಗಳು ಭದ್ರತಾ ಮಂಡಳಿಯ ಆ 541 ಮತ್ತು ಅದರ ಮರುವರ್ಷದ 550ನೇ ನಿರ್ಣಯಗಳಿಗೆ ಬದ್ಧ ಎಂದು ಜಂಟಿ ಹೇಳಿಕೆಗೆ ಒಪ್ಪಿದವು. ಇವರಲ್ಲಿ ಹಲವರು ಅದೇ ಸಂಘಟನೆಯಲ್ಲಿ ಟರ್ಕಿಯ ಜೊತೆ ಕೂರುವವರು. ಹಳೆಯ ಕಾಗದಗಳು ಹೀಗೆ ಕೆಲಸಕ್ಕೆ ಬರುತ್ತವೆ.

ವೇದಿಕೆಯ ಮೇಲೆ ಹೇಳಿದ ಮಾತು

ಆಚರಣೆಯ ಬಗ್ಗೆ ಇಷ್ಟೊಂದು ತಕರಾರು ಯಾಕೆ, ಬ್ಯಾಂಡ್ ಬಾರಿಸಿ ಭಾಷಣ ಮಾಡಿದರೆ ಏನಾಯಿತು ಎಂದು ಕೇಳಬಹುದು. 2021ರ ಜುಲೈ 20 ಇದಕ್ಕೆ ಉತ್ತರ.

ಫಾಮಗುಸ್ತಾ ನಗರದ ವರೋಶಾ ಬಡಾವಣೆ ಒಂದು ಕಾಲಕ್ಕೆ ಸಮುದ್ರದಂಡೆಯ ಹೆಸರಾಂತ ಪ್ರವಾಸಿ ತಾಣ. 1974ರ ಆಗಸ್ಟ್‌ನಲ್ಲಿ ಅಲ್ಲಿನ ಜನ ಓಡಿದ ಮೇಲೆ ಟರ್ಕಿಯ ಸೇನೆ ಬೇಲಿ ಹಾಕಿತು. ಹೋಟೆಲುಗಳು, ಅಂಗಡಿಗಳು, ಮನೆಗಳು ಖಾಲಿ ಬಿದ್ದು ಪಾಳುಬಿದ್ದವು. ರಸ್ತೆಯ ಮಧ್ಯೆ ಗಿಡಮರ ಬೆಳೆದವು. ಮೂಲ ನಿವಾಸಿಗಳನ್ನು ಬಿಟ್ಟು ಬೇರೆಯವರನ್ನು ಅಲ್ಲಿ ನೆಲೆಗೊಳಿಸುವಂತಿಲ್ಲ ಎಂದು 1984ರ 550ನೇ ನಿರ್ಣಯ ಹೇಳಿತು. 2020ರ ಅಕ್ಟೋಬರ್‌ನಲ್ಲಿ ಸಮುದ್ರತೀರದ ಒಂದು ಭಾಗವನ್ನು ತೆರೆದರು. ಮರುವರ್ಷದ ಆಚರಣೆಗೆ ಟರ್ಕಿಯ ಅಧ್ಯಕ್ಷ ಎರ್ಡೋಗನ್ ಬಂದಾಗ, ವರೋಶಾದ ಇನ್ನೂ ಶೇ 3.5ರಷ್ಟು ಭಾಗವನ್ನು ಸೇನೆಯ ಹಿಡಿತದಿಂದ ನಾಗರಿಕ ಆಡಳಿತಕ್ಕೆ ಒಪ್ಪಿಸುವ ಘೋಷಣೆ ಹೊರಬಿತ್ತು. ಕೈಯಲ್ಲಿ ಬಾವುಟ ಹಿಡಿದು ಸೇರಿದ್ದ ಜನರ ಮುಂದೆ ನಿರ್ಣಯದ ಉಲ್ಲಂಘನೆ ನಡೆಯಿತು.

ಸೈಪ್ರಸ್ ಕೂಡಲೇ ಭದ್ರತಾ ಮಂಡಳಿಯ ಬಾಗಿಲು ತಟ್ಟಿತು. ಜುಲೈ 23ರಂದು ಮಂಡಳಿಯ ಅಧ್ಯಕ್ಷರ ಹೇಳಿಕೆ ಬಂತು. ಇಂಥ ಹೇಳಿಕೆಗೆ ಹದಿನೈದೂ ಸದಸ್ಯರು ಒಪ್ಪಬೇಕು. ಅವರು ಒಪ್ಪಿ, ಘೋಷಣೆಯನ್ನು ಖಂಡಿಸಿ, ಅದನ್ನು ತಕ್ಷಣ ಹಿಂದೆಗೆದುಕೊಳ್ಳಲು ಹೇಳಿದರು. ಟರ್ಕಿ ಕೇಳಲಿಲ್ಲ. ಆದರೆ ಅಂದು ವೇದಿಕೆಯಲ್ಲಿ ಹೇಳಿದ್ದು ತಪ್ಪು ಎಂಬುದು ಮೂರೇ ದಿನದಲ್ಲಿ ಅಧಿಕೃತವಾಗಿ ಬರಹಕ್ಕಿಳಿಯಿತು.

ಆಚರಣೆ ಕಣ್ಣಿಗೆ ಚುಚ್ಚುವ ರೀತಿಯೂ ಇದೆ. ನಿಕೋಸಿಯಾದ ಉತ್ತರಕ್ಕಿರುವ ಪೆಂಟದಕ್ತಿಲೋಸ್ ಬೆಟ್ಟದ ದಕ್ಷಿಣ ಇಳಿಜಾರಿನಲ್ಲಿ ಉತ್ತರ ಭಾಗದ ಬಾವುಟವನ್ನು ಬಹಳ ದೊಡ್ಡದಾಗಿ ಬಿಡಿಸಿದ್ದಾರೆ. ರಾತ್ರಿ ಅದಕ್ಕೆ ದೀಪ ಹತ್ತುತ್ತದೆ. ದಕ್ಷಿಣದಲ್ಲಿ ಬಾಲ್ಕನಿಗೆ ಬಂದು ನಿಂತರೆ ಸಾಕು, ಮನೆ ಕಳೆದುಕೊಂಡವರಿಗೆ ಅದು ಕಾಣುತ್ತದೆ. 2025ರ ಜೂನ್‌ನಲ್ಲಿ ಪ್ರಧಾನಿ ಮೋದಿ ನಿಕೋಸಿಯಾಕ್ಕೆ ಹೋದಾಗ ಸೈಪ್ರಸ್ ಅಧ್ಯಕ್ಷ ಕ್ರಿಸ್ಟೊಡೌಲಿಡೀಸ್ ಮೋದಿಯವರಿಗೆ ಇದೇ ಬೆಟ್ಟದ ಕಡೆ ತೋರಿಸಿದ್ದು ಸುಮ್ನೆ ಅಲ್ಲ. ಯಾರನ್ನು ಎಲ್ಲಿ ನಿಲ್ಲಿಸಿ ಏನು ತೋರಿಸುತ್ತಾರೆ ಎನ್ನುವುದೂ ರಾಜತಾಂತ್ರಿಕತೆಯೇ.

ಆಚೆ ಕಡೆಯ ನೋವು

ಉತ್ತರದಲ್ಲಿ ಜುಲೈ 20ರಂದು ಖುಷಿಪಡುವ ಎಲ್ಲರೂ ಆಕ್ರಮಣಕೋರರಲ್ಲ. 1963ರಿಂದ ಹನ್ನೊಂದು ವರ್ಷ ಇಕ್ಕಟ್ಟಿನಲ್ಲಿ ಭಯದಿಂದ ಬದುಕಿದ ತುರ್ಕಿ ಸೈಪ್ರಿಯಟ್ ಅಜ್ಜಿಗೆ ಅಂದು ಕಂಡ ಪ್ಯಾರಾಚೂಟುಗಳು ಜೀವ ಉಳಿಸಲು ಬಂದವು. 1974ರ ಆಗಸ್ಟ್‌ನಲ್ಲಿ ಮರಾಥಾ, ಸಂತಲಾರಿಸ್ ಮತ್ತು ಅಲೋಡಾ ಎಂಬ ಮೂರು ಹಳ್ಳಿಗಳಲ್ಲಿ ಗ್ರೀಕ್ ಸೈಪ್ರಿಯಟ್ ಬಂದೂಕುಧಾರಿಗಳು 126 ತುರ್ಕಿ ಸೈಪ್ರಿಯಟರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಇದನ್ನು ನುಂಗಿಕೊಂಡು ಬರೆಯುವ ಪ್ರತಿಭಟನೆ ಪತ್ರಕ್ಕೆ ನೈತಿಕ ಬಲ ಕಡಿಮೆ ಎಂದೇ ನನ್ನ ಅನಿಸಿಕೆ. ಜುಲೈ 15ರ ಬೆಳಿಗ್ಗೆಯೂ ದಕ್ಷಿಣದಲ್ಲಿ ಸೈರನ್ ಕೂಗುತ್ತದೆ. ತಮ್ಮವರೇ ಮಾಡಿದ ಕ್ಷಿಪ್ರಕ್ರಾಂತಿಯನ್ನು ನೆನೆಯುವ ಸೈರನ್ ಅದು. ಅದು ಒಳ್ಳೆಯ ಕೆಲಸ, ಆದರೆ 1963ರ ನೆನಪಿಗೂ ಅಷ್ಟೇ ಜಾಗ ಸಿಗಬೇಕು.

ಹಾಗೆಂದು ಅಜ್ಜಿಯ ನೆಮ್ಮದಿ ಬೇರೆ, ಐವತ್ತು ವರ್ಷ ಸೇನೆ ಇಟ್ಟುಕೊಂಡು ಇನ್ನೊಬ್ಬರ ಮನೆಗಳಲ್ಲಿ ಹೊರಗಿನವರನ್ನು ನೆಲೆಗೊಳಿಸುವುದು ಬೇರೆ. ಮೊದಲನೆಯದು ಎರಡನೆಯದಕ್ಕೆ ಸಮರ್ಥನೆ ಆಗುವುದಿಲ್ಲ. ಕೈರೀನಿಯಾದಲ್ಲಿ ಜಮೀನು ಕಳೆದುಕೊಂಡ ಒಬ್ಬ ಮಹಿಳೆ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದಾಗ, ಉತ್ತರ ಭಾಗ ಟರ್ಕಿಯ ಹಿಡಿತದಲ್ಲೇ ಇದೆ, ಆದ್ದರಿಂದ ಹೊಣೆ ಟರ್ಕಿಯದು ಎಂದು 1996ರಲ್ಲಿ ತೀರ್ಪಾಯಿತು. ಏಳು ವರ್ಷದ ಮೇಲೆ ಟರ್ಕಿ ಪರಿಹಾರ ಕೊಟ್ಟಿತು. 2014ರಲ್ಲಿ ಕಾಣೆಯಾದವರ ಮನೆಯವರಿಗೆ ಮತ್ತು ಉತ್ತರದ ಕರ್ಪಾಸ್‌ನಲ್ಲಿ ಉಳಿದ ಗ್ರೀಕರಿಗೆ ಒಟ್ಟು 9 ಕೋಟಿ ಯೂರೋ ಕೊಡಬೇಕೆಂದು ಅದೇ ನ್ಯಾಯಾಲಯ ಹೇಳಿತು. ಅದನ್ನು ಕೊಡಲು ಟರ್ಕಿ ಒಪ್ಪಿಲ್ಲ.

ಕಾಣೆಯಾದವರ ಪಟ್ಟಿಯಲ್ಲಿ ಎರಡೂ ಕಡೆಯವರು ಸೇರಿ 2,002 ಹೆಸರುಗಳಿದ್ದವು. ಗ್ರೀಕ್ ಸೈಪ್ರಿಯಟರು 1,510, ತುರ್ಕಿ ಸೈಪ್ರಿಯಟರು 492. ಪಾಳುಬಿದ್ದ ಹಳೆಯ ವಿಮಾನ ನಿಲ್ದಾಣದ ಆವರಣದಲ್ಲಿ ಒಂದು ಪ್ರಯೋಗಾಲಯವಿದೆ. ಅಲ್ಲಿ ಎರಡೂ ಸಮುದಾಯದ ವಿಜ್ಞಾನಿಗಳು ಒಟ್ಟಿಗೆ ಕೂತು, ಬಾವಿಗಳಿಂದ, ಹೊಲಗಳಿಂದ ಅಗೆದು ತಂದ ಮೂಳೆಗಳನ್ನು ಮೇಜಿನ ಮೇಲೆ ಜೋಡಿಸುತ್ತಾರೆ. ಡಿಎನ್‌ಎ ಹೊಂದಿದ ಮೇಲೆ ಮನೆಯವರನ್ನು ಕರೆಯುತ್ತಾರೆ. ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಹೀಗೆ ಸಿಕ್ಕಿದೆ. ಆಚರಣೆಗೂ ಪ್ರತಿಭಟನೆಗೂ ಆಗದ ಕೆಲಸವನ್ನು ಇವರು ಮಾಡುತ್ತಿದ್ದಾರೆ.

ತುರ್ಕಿ ಸೈಪ್ರಿಯಟರೆಲ್ಲ ಟರ್ಕಿಯ ಮಾತಿಗೆ ತಲೆಯಾಡಿಸುತ್ತಾರೆ ಎಂದೂ ತಿಳಿಯಬಾರದು. 2004ರಲ್ಲಿ ದ್ವೀಪವನ್ನು ಒಂದು ಮಾಡುವ ವಿಶ್ವಸಂಸ್ಥೆಯ ಯೋಜನೆಗೆ ಅವರಲ್ಲಿ ಶೇ 65 ಮಂದಿ ಹೌದು ಎಂದರು. ಬೇಡ ಎಂದವರು ಗ್ರೀಕ್ ಸೈಪ್ರಿಯಟರು, ಶೇ 76. ವಾರದೊಳಗೆ ಸೈಪ್ರಸ್ ಯುರೋಪಿಯನ್ ಒಕ್ಕೂಟ ಸೇರಿತು, ಉತ್ತರ ಹೊರಗುಳಿಯಿತು. ಆ ಕಹಿ ಇನ್ನೂ ಹೋಗಿಲ್ಲ. 2021ರಲ್ಲಿ ಎರ್ಡೋಗನ್ ಅಲ್ಲಿನ ಶಾಸನಸಭೆಯಲ್ಲಿ ಮಾತಾಡಿದಾಗ ಮುಖ್ಯ ವಿರೋಧ ಪಕ್ಷ ಸಭೆಯನ್ನೇ ಬಹಿಷ್ಕರಿಸಿತು. ಆಗ ಆ ಪಕ್ಷದ ನಾಯಕರಾಗಿದ್ದ ತುಫಾನ್ ಎರ್‌ಹುರ್ಮಾನ್ 2025ರ ಅಕ್ಟೋಬರ್‌ನಲ್ಲಿ ತುರ್ಕಿ ಸೈಪ್ರಿಯಟರ ನಾಯಕರಾಗಿ ಭಾರಿ ಬಹುಮತದಿಂದ ಗೆದ್ದರು. ಅವರು ಎರಡೂ ಸಮುದಾಯ ಸೇರಿದ ಒಂದೇ ಒಕ್ಕೂಟ ರಾಷ್ಟ್ರದ ಪರ. ಟರ್ಕಿ ಎರಡು ರಾಷ್ಟ್ರಗಳ ಪಟ್ಟು ಹಿಡಿದಿದೆ. 2017ರಲ್ಲಿ ಸ್ವಿಟ್ಜರ್‌ಲೆಂಡ್‌ನ ಕ್ರಾನ್ಸ್-ಮೊಂಟಾನಾದಲ್ಲಿ ಮುರಿದುಬಿದ್ದ ಮಾತುಕತೆಯನ್ನು ಮತ್ತೆ ಶುರು ಮಾಡುವುದು ಎರ್‌ಹುರ್ಮಾನ್ ಮತ್ತು ಕ್ರಿಸ್ಟೊಡೌಲಿಡೀಸ್ ಮುಂದಿರುವ ಕೆಲಸ.

ಮುಂದೆ ಇಂಥ ಸುದ್ದಿ ಓದುವಾಗ ‘ತೀವ್ರ ಖಂಡನೆ’ ಎಂಬ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಅದು ಪ್ರತಿ ವರ್ಷವೂ ಇರುತ್ತದೆ. ಪೆರೇಡಿನ ವೇದಿಕೆಯಲ್ಲಿ ಟರ್ಕಿ ಬಿಟ್ಟು ಬೇರೆ ಯಾವ ದೇಶದ ಪ್ರತಿನಿಧಿ ಕೂತಿದ್ದರು, ವರೋಶಾ ಬಗ್ಗೆ ಹೊಸದಾಗಿ ಏನು ಘೋಷಣೆಯಾಯಿತು, ಯಾವ ದೇಶಗಳು ತಮ್ಮ ಹೇಳಿಕೆಯಲ್ಲಿ 541 ಮತ್ತು 550ನ್ನು ಹೆಸರಿಸಿದವು, ಯಾವುವು ಬಿಟ್ಟವು ಎಂದು ನೋಡಿ. ನಿಕೋಸಿಯಾದ ವಿದೇಶಾಂಗ ಸಚಿವಾಲಯದವರು ಮೊದಲು ಹುಡುಕುವುದೂ ಅದನ್ನೇ.